ಬಾನುಲಿ ಸರಣಿಗೆ ಗುಳೆ, ದೇವದಾಸಿ, ಅಸ್ಪೃಶ್ಯತೆಯ ಕಥನ: ಬರೆಯೋದು ಹೆಂಗ, ರೆಕಾರ್ಡ್ ಹೆಂಗ, ಹೆಸರು ಮುಚ್ಚೋದು ಹೆಂಗ?

ಹುಲಿಗಿ ದಾರಿ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ್ರಿ. ಸಮುದಾಯ ಬಾನುಲಿಗೆ ಎಂಟು ಕಂತಿನ ಸರಣಿ ತಯಾರಾಗಾಕತ್ತೈತಿ. ಕಂತಿಗೆ 15 ನಿಮಿಷ. ಕುಷ್ಟಗಿ, ದೇವದುರ್ಗ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗೋ ಕುಟುಂಬಗಳು, ದೇವದಾಸಿ ಪದ್ಧತಿಯಿಂದ ಹೊರಗ ಬಂದ ಹೆಣ್ಣುಮಕ್ಕಳ ಸಂಘಟನೆ, ಹೋಟೆಲ್ಲು-ಕ್ಷೌರದಂಗಡಿ ಅಸ್ಪೃಶ್ಯತೆ ವಿರುದ್ಧದ ಹೋರಾಟ, ಇವು ವಿಷಯ. ಮೊದಲನೇ ಕಂತಿನ ಕರಡು ಕೇಳಿದವರದು ಒಂದೇ ಮಾತು: ‘ವಾರ್ತೆ ಓದಿದಂಗ ಐತಿ.’

ಕೈಯಾಗ ಇರೋದು ಒಂದು ಹ್ಯಾಂಡಿ ರೆಕಾರ್ಡರ್, ಒಂದು ಕಾಲರ್ ಮೈಕು, ಲ್ಯಾಪ್‌ಟಾಪಿನಾಗ ಅಡಾಸಿಟಿ (ದನಿ ಕತ್ತರಿಸಿ ಜೋಡಿಸೋ ಸಾಫ್ಟ್‌ವೇರ್). ಕತಿ ಅನ್ನಿಸಬೇಕಂದ್ರ ಬರಹದಾಗ ಏನು ಬದಲಾಗಬೇಕು? ಮನಿಯೊಳಗ ಹಿಡಿದ ದನಿಯೆಲ್ಲ ಕೊಡದಾಗ ಮಾತಾಡಿದಂಗ ಬರ್ತೈತಿ, ಅದಕ್ಕ ಉಪಾಯ? ಇನ್ನ ದನಿ ಗುರುತು ಸಿಗಬಾರದು ಅಂದವರ ಮಾತನ್ನ ಪಿಚ್ (ದನಿಯ ಎತ್ತರ) ಬದಲಿಸಿ ಹಾಕಿದ್ರ ಸಾಕಾ? ತಿಳಿದವರು ಹೇಳ್ರಿ.

ಕಾರಟಗಿ ಕತ್ತರಿ

ವಾರ್ತೆಯಂತೆ ಕೇಳಿಸಲು ಕಾರಣ ಓದುವವರ ದನಿಯಲ್ಲ, ಬರಹ. ಕರಡು ಕೈಗೆತ್ತಿಕೊಂಡು ‘ಶೋಷಣೆ’, ‘ದೌರ್ಜನ್ಯ’, ‘ಶತಮಾನಗಳಿಂದ’, ‘ಕಣ್ಣೀರಿನ ಕಥೆ’ ಎಂದಿರುವಲ್ಲೆಲ್ಲ ಪೆನ್ನಿನಿಂದ ಸುತ್ತು ಹಾಕಿ. ಪ್ರತಿ ಸುತ್ತಿನ ಜಾಗಕ್ಕೆ ಒಂದು ವಸ್ತು ಬರಬೇಕು. ಶೋಷಣೆ ಕಿವಿಗೆ ಕೇಳಿಸುವುದಿಲ್ಲ, ಲೋಟ ಕೇಳಿಸುತ್ತದೆ. ಚಾದಂಗಡಿಯ ಕಡಪಾ ಕಲ್ಲಿನ ಮೇಲೆ ಗಾಜಿನ ಲೋಟ ಕುಕ್ಕಿದರೆ ಟಣ್ ಎನ್ನುತ್ತದೆ. ಹೊರಗೆ ನಿಲ್ಲಿಸಿದವರ ಕೈಗೆ ಕೊಡುವ ಪ್ಲಾಸ್ಟಿಕ್ ಕಪ್ಪು ಸದ್ದೇ ಮಾಡುವುದಿಲ್ಲ. ನಾಲ್ಕು ಲೋಟ ಟಣ್ ಎಂದು, ಐದನೆಯದು ಸುಮ್ಮನಾಗಿ, ಆಮೇಲೆ ಮಾತು ಶುರುವಾದರೆ ನಿರೂಪಕರು ಒಂದು ಪ್ಯಾರಾ ಉಳಿಸಿದಂತೆ.

ಪ್ರಶ್ನೆ ಕೇಳುವ ರೀತಿಯೂ ಬದಲಾಗಬೇಕು. ‘ಆಗ ನಿಮಗೆ ಹೇಗನಿಸಿತು?’ ಎಂದರೆ ‘ಭಾಳ ದುಃಖ ಆತ್ರಿ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಗುಳೆಯ ಕಂತಿಗೆ ಇಂಥವು ಕೇಳಿ: ಮನೆಗೆ ಬೀಗ ಹಾಕಿ ಕೀಲಿ ಯಾರ ಕೈಗೆ ಕೊಟ್ರಿ? ಯಾವ ಪಾತ್ರೆ ಒಯ್ದಿರಿ, ಯಾವುದು ಬಿಟ್ಟಿರಿ? ರೇಷನ್ ಕಾರ್ಡು ಎಲ್ಲಿತ್ತು? ಮುದುಕರು, ಎಮ್ಮೆ ಯಾರ ಪಾಲಿಗೆ? ಮುಂಗಡ ಎಷ್ಟು, ಕೊಟ್ಟವರು ಯಾರು? ಕಡೆಯ ಪ್ರಶ್ನೆಯನ್ನು ಬಿಡಬೇಡಿ. ಮುಂಗಡ ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ ಎಂದು ಉತ್ತರ ಬಂದರೆ ಅದು ಗುಳೆಯ ಕತೆ ಮಾತ್ರವಲ್ಲ, 1976ರ ಜೀತ ನಿರ್ಮೂಲನಾ ಕಾಯ್ದೆಯ ವಿಷಯವೂ ಹೌದು.

ಅಳತೆ ಹೀಗಿಟ್ಟುಕೊಳ್ಳಿ. 15 ನಿಮಿಷದ ಕಂತಿನಲ್ಲಿ ಮುದ್ರಾ ಸಂಗೀತ, ಪ್ರಕಟಣೆ ಕಳೆದರೆ ಉಳಿಯುವುದು 13 ನಿಮಿಷ ಚಿಲ್ಲರೆ. ಅದರಲ್ಲಿ ನಿರೂಪಣೆ 4 ನಿಮಿಷ ಮೀರಬಾರದು. ಕನ್ನಡವನ್ನು ಬಾನುಲಿಯ ವೇಗದಲ್ಲಿ ಓದಿದರೆ ನಿಮಿಷಕ್ಕೆ 100 ಪದದ ಆಸುಪಾಸು, ಅಂದರೆ ಇಡೀ ಕಂತಿಗೆ ನಿಮ್ಮ ಬರಹ 400 ಪದ. ಒಂದು ಸಲಕ್ಕೆ ನಿರೂಪಕರು 40 ಸೆಕೆಂಡಿಗಿಂತ ಹೆಚ್ಚು ಮಾತಾಡಿದರೆ ಮತ್ತೆ ವಾರ್ತೆ ಶುರು. ಪರಿಚಯದಿಂದ ಆರಂಭಿಸಬೇಡಿ, ಮೊದಲ 20 ಸೆಕೆಂಡು ಸದ್ದು ಅಥವಾ ಅವರ ಮಾತು ಇರಲಿ, ಊರು-ಹೆಸರು ಆಮೇಲೆ. ನಡುವೆ ರೇಡಿಯೊ ಹಾಕಿದವರಿಗೆ ಯಾರು ಮಾತಾಡುತ್ತಿದ್ದಾರೆಂದೇ ತಿಳಿದಿರುವುದಿಲ್ಲ, ಹಾಗಾಗಿ ಮೂರು-ನಾಲ್ಕು ನಿಮಿಷಕ್ಕೊಮ್ಮೆ ಹೆಸರು ಮತ್ತೆ ಬರಲಿ.

ಕಾನೂನನ್ನು ಇಸವಿಯಾಗಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು (ಹೆಣ್ಣನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು) ಶಿಕ್ಷಾರ್ಹ ಮಾಡಿತು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ಊರ್ಜಿತ, ಅದರಲ್ಲಿ ಹುಟ್ಟಿದ ಮಕ್ಕಳು ಸಕ್ರಮ ಎನ್ನುವ ಭಾಗವನ್ನು ಹೇಳುವವರು ಕಡಿಮೆ. ಅದನ್ನು ಶಾಲೆ ಅರ್ಜಿಯ ‘ತಂದೆಯ ಹೆಸರು’ ಎಂಬ ಕಾಲಮ್ಮಿನ ಮುಂದೆ ಪೆನ್ನು ನಿಂತ ಗಳಿಗೆಯ ಪಕ್ಕಕ್ಕಿಟ್ಟು ಹೇಳಿ.

ಸಿಂಧನೂರು ಮೈಕ್‌ಸೆಟ್

ಕೊಡದ ದನಿಗೆ ಔಷಧಿ ನಿಮ್ಮ ಮನ್ಯಾಗ ಐತ್ರಿ: ಕೌದಿ. ಸಿಮೆಂಟಿನ ಗ್ವಾಡಿ, ತಗಡಿನ ಮಾಳಗಿ ಎರಡೂ ದನಿಯನ್ನ ವಾಪಸ್ ಒಗಿತಾವು. ಮಾತಾಡೋರ ಬೆನ್ನ ಹಿಂದ ಒಂದು ಕೌದಿ, ಮೈಕಿನ ಹಿಂದಿನ ಗ್ವಾಡಿಗೆ ಒಂದು ಕೌದಿ ಹಗ್ಗದ ಮ್ಯಾಲೆ ಇಳಿಬಿಡ್ರಿ. ಜೋಳದ ಚೀಲ ಒಟ್ಟಿದ ಖೋಲಿ ಸಿಕ್ರ ಇನ್ನೂ ಚಲೋ, ಸ್ಟುಡಿಯೊ ಅದರ ಮುಂದ ಏನೂ ಅಲ್ಲ. ಖೋಲಿ ನಡುಮಧ್ಯೆ ಕುಂದ್ರಬ್ಯಾಡ್ರಿ, ಮೂಲ್ಯಾಗೂ ಬ್ಯಾಡ.

ರೆಕಾರ್ಡರ್ ಬಾಯಿಂದ ಒಂದು ಗೇಣು ದೂರ, ನೇರ ಮುಂದಲ್ಲ, ಗದ್ದದ ಬಾಜೂಕ ಓರೆಯಾಗಿ. ‘ಪ’, ‘ಭ’ ಅಂದಾಗ ಬರೋ ಉಸಿರು ಮೈಕಿಗೆ ಬಡಿಯಂಗಿಲ್ಲ. ಕಾಲರ್ ಮೈಕು ಸೀರಿ ಉಟ್ಟವರಿಗೆ ಕಿರಿಕಿರಿ. ಸೆರಗು ತಿಕ್ಕತೈತಿ, ಕೊರಳ ಸರ ಬಡಿತೈತಿ. ಹಾಕಲೇಬೇಕಂದ್ರ ಸೆರಗಿನ ಪಿನ್ನು ಇರೋ ಭುಜದ ಕಡೆ ಸಿಕ್ಕಿಸ್ರಿ. ಬಳಿ ಸದ್ದು ಬಂದ್ರ ಬರಲಿ, ತೆಗಿರಿ ಅನಬ್ಯಾಡ್ರಿ.

48 ಕಿಲೋಹರ್ಟ್ಸ್, 24 ಬಿಟ್, ಮೋನೊ, ವೇವ್ ಫೈಲು. ತಾಸಿಗೆ ಹೆಚ್ಚುಕಡಿಮಿ 520 ಎಂಬಿ ಆಗತೈತಿ. ಆಟೊ ಲೆವೆಲ್ ಬಂದ್ ಇರಬೇಕು. ಅದು ಚಾಲೂ ಇದ್ರ, ಅವರು ಮಾತು ನಿಲ್ಲಿಸಿ ಸುಮ್ಮನ ಕುಂತಾಗೆಲ್ಲ ಹಿಂದಿನ ಗದ್ದಲ ಮ್ಯಾಲೇರಿ ಬರತೈತಿ. ಇಂಥ ಸರಣಿಯೊಳಗ ಆ ಸುಮ್ಮನಿರೋದಕ್ಕ ಮಾತಿನಷ್ಟೇ ಬೆಲಿ. ಗಟ್ಟಿ ಮಾತು ರೆಕಾರ್ಡರಿನ ಮೀಟರಿನಾಗ ಮೈನಸ್ 12 ಡೆಸಿಬಲ್ ಹತ್ರ ಮುಟ್ಟುವಂಗ ಇಡ್ರಿ, 80 ಹರ್ಟ್ಸಿಗೆ ಲೋ ಕಟ್ (ಅದರ ಕೆಳಗಿನ ಗುಂಯ್‌ಗುಟ್ಟೋ ಸದ್ದು ತಗ್ಗಿಸೋದು) ಹಾಕ್ರಿ. ಮೊಬೈಲು ಏರೋಪ್ಲೇನ್ ಮೋಡಿಗೆ, ಫ್ಯಾನು ಬಂದ್. ಮಾತು ಮುಗಿದ ಮ್ಯಾಲೆ ಎಲ್ಲಾರೂ ಬಾಯಿ ಮುಚ್ಚಿ ಖೋಲಿಯ ಬರೀ ಸದ್ದು ಒಂದು ನಿಮಿಷ ಹಿಡಿರಿ. ಕತ್ತರಿಸಿದ ಜಾಗಕ್ಕ ತೇಪಿ ಹಚ್ಚಾಕ ಅದೇ ಬೇಕು. ಬ್ಯಾರೆ ಊರಿನ ನಿಶ್ಶಬ್ದ ತಂದು ಹಚ್ಚಿದ್ರ ತೇಪಿ ಕಾಣತೈತಿ.

ಅಡಾಸಿಟಿಯೊಳಗ ನಾಯ್ಸ್ ರಿಡಕ್ಷನ್ (ಹಿಂದಿನ ಗದ್ದಲ ತಗ್ಗಿಸೋದು) 6ರಿಂದ 9 ಡೆಸಿಬಲ್ ಸಾಕು. ಅದಕ್ಕಿಂತ ಎಳದ್ರ ದನಿ ನೀರಾಗ ಮುಳುಗಿದಂಗ ಆಗತೈತಿ.

ಇನ್ನೊಂದು. ದೇವದಾಸಿ ಕಂತಿಗೆ ಚೌಡಿಕಿ (ಎಲ್ಲಮ್ಮನ ಪದಕ್ಕ ನುಡಿಸೋ ತಂತಿ ವಾದ್ಯ) ಸದ್ದು ಹಿನ್ನೆಲಿಗೆ ಹಾಕೋ ಚಟ ಭಾಳ ಮಂದಿಗೆ ಐತಿ. ಪದ್ಧತಿ ಬಿಟ್ಟವರೊಳಗ ಎಲ್ಲಮ್ಮ, ಹುಲಿಗೆಮ್ಮನ್ನ ಬಿಡದವರು ಬೇಕಾದಷ್ಟು ಮಂದಿ ಅದಾರ. ಅವರ ಭಕ್ತಿನ ಅಪರಾಧದ ಸಂಗೀತ ಮಾಡಿದಂಗ ಆಗತೈತಿ. ಅವರೇ ನುಡಿಸಿ ಹಾಡಿದ್ರ ಪೂರಾ ಪದ ಕೇಳಸ್ರಿ, ಇಲ್ಲಂದ್ರ ಬ್ಯಾಡ.

ರಾಯಚೂರು ಕೋರ್ಟ್ ಕಟ್ಟೆ

ಪಿಚ್ ಬದಲಿಸಿದರೆ ಸಾಲದು. ಯಾವ ಸಾಫ್ಟ್‌ವೇರಿನಲ್ಲಿ ಇಳಿಸಿದಿರೋ ಅದರಲ್ಲೇ ಏರಿಸಿ ಮೂಲ ದನಿಗೆ ಹತ್ತಿರ ತರಬಹುದು. ಅಲ್ಲದೆ ಊರಿನವರು ಗುರುತು ಹಿಡಿಯುವುದು ದನಿಯ ಎತ್ತರದಿಂದಲ್ಲ. ಮಾತಿನ ಲಯ, ಪದೇ ಪದೇ ಬರುವ ಒಂದು ಪದ, ಕೆಮ್ಮು, ನಗು ಸಾಕು. ಹಿನ್ನೆಲೆಯೂ ಬಾಯಿಬಡುಕ: ಗುಡಿಯ ಗಂಟೆ, ಶಾಲೆಯ ಪ್ರಾರ್ಥನೆ, ಬಸ್ಸಿನವನು ಕೂಗುವ ಊರುಗಳ ಸಾಲು, ಪಂಚಾಯಿತಿ ಕಸದ ಗಾಡಿಯ ಹಾಡು. ಇವು ಸೇರಿದರೆ ಓಣಿಯೇ ಗೊತ್ತಾಗುತ್ತದೆ.

ಸರಿಯಾದ ದಾರಿ ಎಂದರೆ ಮಾತನ್ನು ಅಕ್ಷರಕ್ಕಿಳಿಸಿ ಬೇರೊಬ್ಬರಿಂದ ಹೇಳಿಸುವುದು. ಹೇಳುವವರು ಉದ್ಘೋಷಕರಾಗಬಾರದು, ಅದೇ ವಯಸ್ಸಿನ, ಅದೇ ಸೀಮೆಯ ಮಾತಿನವರಾಗಿರಬೇಕು. ಆದರೆ ಅದೇ ಊರಿನವರು ಬೇಡ. ಹೆಸರು, ಊರು, ಮಕ್ಕಳ ಸಂಖ್ಯೆ, ಕೆಲಸ, ಇಸವಿ ಈ ಐದರಲ್ಲಿ ಕನಿಷ್ಠ ಮೂರು ಬದಲಾಗಲಿ ಅಥವಾ ಬಿಟ್ಟುಹೋಗಲಿ. ‘ದನಿ, ವಿವರ ಬದಲಿಸಲಾಗಿದೆ’ ಎಂದು ಕಂತಿನಲ್ಲೇ ಹೇಳಿ.

ಕಾನೂನಿನ ಮಾತು. ಅತ್ಯಾಚಾರಕ್ಕೊಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಅಪರಾಧ, ಎರಡು ವರ್ಷದವರೆಗೆ ಸಜೆ. ಮಕ್ಕಳ ವಿಷಯದಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 23ನೇ ಕಲಂ ಇನ್ನೂ ಬಿಗಿ: ಮನೆತನ, ಶಾಲೆ, ನೆರೆಹೊರೆ ಯಾವುದೂ ಗೊತ್ತಾಗುವಂತಿಲ್ಲ. ತಾಯಿ ಒಪ್ಪಿದರೂ ನಡೆಯದು, ವಿಶೇಷ ನ್ಯಾಯಾಲಯದ ಅನುಮತಿ ಬೇಕು. ಸಂದರ್ಶನದ ನಡುವೆ ಯಾವುದೋ ಹುಡುಗಿಗೆ ಮುತ್ತು ಕಟ್ಟುವ ಸಿದ್ಧತೆ ನಡೆದಿದೆ ಎಂದು ತಿಳಿದರೆ ಕಂತು ಪ್ರಸಾರವಾಗುವ ತನಕ ಕಾಯುವ ಮಾತೇ ಇಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಅವತ್ತೇ ಫೋನು.

ಬೈದ ಜಾತಿ ಪದವನ್ನು ಹಾಗೇ ಪ್ರಸಾರ ಮಾಡಬೇಡಿ. ಬೀಪ್ ಹಾಕುವುದು ಅದಕ್ಕಿಂತ ಕೆಟ್ಟದ್ದು, ಕೇಳುವವರು ಮನಸ್ಸಿನಲ್ಲಿ ಆ ಪದವನ್ನು ತಾವೇ ತುಂಬಿಕೊಳ್ಳುತ್ತಾರೆ. ‘ಜಾತಿ ಹೆಸರು ಹಿಡಿದು ಬೈದರು’ ಎಂದರೆ ಸಾಕು.

ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರದ ಅವಕಾಶವಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಇಲ್ಲವೇ ಸ್ಥಳೀಯ ಮಾತಿಗೆ ಅನುವಾದಿಸಿ ಪ್ರಸಾರ ಮಾಡಬಹುದಷ್ಟೆ. ನಿನ್ನೆಯ ಧರಣಿ ಸುದ್ದಿಯಾಗುತ್ತದೆ. ಆ ಬೇಡಿಕೆಯ ಇತಿಹಾಸ, ಅರ್ಜಿ ಹಾಕುವ ಕ್ರಮ, ಬದುಕಿನ ಅನುಭವ ಆಗುವುದಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದಾಳಿಯ ಪ್ರಕರಣವನ್ನು ತೆಗೆದುಕೊಂಡರೆ, ಘಟನೆ 2014ರ ಆಗಸ್ಟಿನದು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 101 ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಆಮೇಲೆ ಹೈಕೋರ್ಟಿನಿಂದ ಹಲವರಿಗೆ ಜಾಮೀನು ಸಿಕ್ಕಿತು. ಇಂಥದ್ದನ್ನು ಹೇಳುವಾಗ ತೀರ್ಪಿನ ಪ್ರತಿ ಮುಂದಿರಲಿ, ಪ್ರಸಾರದ ವಾರ ಮೇಲ್ಮನವಿ ಎಲ್ಲಿಗೆ ಬಂದಿದೆ ಎಂದು ಮತ್ತೊಮ್ಮೆ ನೋಡಿ. ಪ್ರಸಾರವಾದ ಕಂತನ್ನು ಮೂರು ತಿಂಗಳು ಕಾಪಿಡಬೇಕೆನ್ನುವುದು ಪರವಾನಗಿಯ ಷರತ್ತು.

ಹುಲಿಗಿ ದಾರಿ (ಕೊಪ್ಪಳ)

ಭಾಳ ಉಪಕಾರ ಆತ್ರಿ. ಕೌದಿ ಇವತ್ತೇ ಕಟ್ಟತೀವಿ. ಇನ್ನೆರಡು ಸಂಶಯ: ಲಂಬಾಣಿ, ತೆಲುಗು ಮಾತಾಡೋರ ದನಿ ಮ್ಯಾಲೆ ಕನ್ನಡ ಹೆಂಗ ಕೂಡಿಸೋದು? ನಿರೂಪಣೆಯನ್ನ ಬುರ್ರಕಥಿ ಧಾಟಿಯೊಳಗ ಮಾಡಿದ್ರ ನಡಿತೈತಾ?

ಸಂಡೂರು ದಿಮ್ಮಿ

ಮೂಲ ದನಿ ಮೊದಲು ಐದು ಸೆಕೆಂಡು ಒಂಟಿಯಾಗಿ ಕೇಳಲಿ. ಆಮೇಲೆ ಅದನ್ನು 15 ಡೆಸಿಬಲ್ ಇಳಿಸಿ ಕನ್ನಡ ಶುರು ಮಾಡಿ. ಕನ್ನಡ ಸ್ವಲ್ಪ ಮುಂಚೆ ಮುಗಿದು, ಕೊನೆಯ ಎರಡು-ಮೂರು ಸೆಕೆಂಡು ಮತ್ತೆ ಮೂಲ ದನಿಯೇ ಮೇಲೆ ಬರಬೇಕು. ಹೆಣ್ಣಿನ ಮಾತಿಗೆ ಹೆಣ್ಣು ದನಿ. ‘ನಮ್ಮ ತಾಂಡಾದಾಗ’ ಎಂದದ್ದನ್ನು ‘ಅವರ ತಾಂಡಾದಲ್ಲಿ’ ಎಂದು ತಿದ್ದಬೇಡಿ. ಇಡೀ ಮಾತಿಗೆ ಅನುವಾದವೂ ಬೇಕಿಲ್ಲ. ಬಳ್ಳಾರಿ ಸೀಮೆಯಲ್ಲಿ ಬಹಳಷ್ಟು ಕೇಳುಗರಿಗೆ ತೆಲುಗು ತಿಳಿದೇ ಇರುತ್ತೆ, ಸಣ್ಣ ವಾಕ್ಯಗಳನ್ನು ಹಾಗೇ ಬಿಡಿ.

ಬುರ್ರಕಥೆ ನಡೆಯುತ್ತೆ, ಆದರೆ ಧಾಟಿ ಮಾತ್ರ ಎರವಲು ತಂದರೆ ನಡೆಯಲ್ಲ. ಅದರಲ್ಲಿ ಮೂವರು. ತಂಬೂರಿ ಹಿಡಿದು ಕಥೆ ಹೇಳುವವರು ಒಬ್ಬರು, ದಿಮ್ಮಿ ಬಾರಿಸುತ್ತ ಸೊಲ್ಲು ಕೊಡುವವರು ಇಬ್ಬರು. ಆ ಇಬ್ಬರು ‘ಹೌದೇನಮ್ಮಾ? ಯಾಕೆ ಹಂಗಾತು?’ ಎಂದು ನಡುವೆ ಕೇಳುತ್ತಾರಲ್ಲ, ನಿಮಗೆ ಬೇಕಿರುವುದು ಅದು. ಕೇಳುಗನ ಪ್ರಶ್ನೆಯನ್ನು ಅವರೇ ಕೇಳಿಬಿಟ್ಟರೆ ನಿರೂಪಕರ ವಿವರಣೆ ಬೇಡ. ರೆಕಾರ್ಡ್ ಮಾಡುವಾಗ ದಿಮ್ಮಿಗಳು ಮೈಕಿನಿಂದ ಐದಾರು ಅಡಿ ಹಿಂದಿರಲಿ, ಕಥೆಗಾರ್ತಿ ಒಂದೂವರೆ ಅಡಿಯಲ್ಲಿ. ಎಲ್ಲರನ್ನೂ ಒಂದೇ ಸಾಲಿಗೆ ಕೂರಿಸಿದರೆ ದಿಮ್ಮಿಯೇ ಮಾತನ್ನು ನುಂಗುತ್ತೆ.

ಸಂಘದ ಹುಡುಗಿಯರಿಗೆ ಎರಡು ದಿನದಲ್ಲಿ ಕಲಿಸಿ ಹೇಳಿಸುವ ಯೋಚನೆಯಿದ್ದರೆ ಬಿಡಿ. ಈ ಕಲೆ ಅಲೆಮಾರಿ ಬುಡ್ಗ ಜಂಗಮರದು, 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮನವರು ಅಕ್ಷರ ಕಲಿಯದೆ ಮಹಾಕಾವ್ಯಗಳನ್ನು ಬಾಯಲ್ಲಿ ಹೊತ್ತಿದ್ದು ಆ ಸಮುದಾಯದಿಂದಲೇ. ಹೇಳುವವರನ್ನೇ ಕರೆಸಿ, ದಿನದ ಸಂಭಾವನೆ ಮೊದಲೇ ಮಾತಾಡಿ, ಕಥೆ ಕಟ್ಟುವಾಗಲೂ ಕೂರಿಸಿಕೊಳ್ಳಿ. ತೆಲಂಗಾಣದ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ಸಂಘಂ ರೇಡಿಯೊ ಎಂಬ ಸಮುದಾಯ ಬಾನುಲಿಯನ್ನು 2008ರಿಂದ ದಲಿತ ಮಹಿಳೆಯರೇ ನಡೆಸಿದ್ದಾರೆ, ರೆಕಾರ್ಡಿಂಗೂ ಅವರದೇ, ಎಡಿಟಿಂಗೂ ಅವರದೇ. ಹೋಗಿ ನೋಡಿಬರುವಷ್ಟು ದೂರ.

ಸಿಂಧನೂರು ಮೈಕ್‌ಸೆಟ್

ಗುಳೆ ಕಂತು ಗುಳೆ ಹೋದವರಿಗೇ ಮುಟ್ಟಂಗಿಲ್ಲ ಅನ್ನೋದು ನೆನಪಿರಲಿ. 50 ವಾಟಿನ ಟ್ರಾನ್ಸ್‌ಮಿಟರ್ 10-15 ಕಿಲೋಮೀಟರಿಗೆ ಮುಗೀತು. ಹೊಸ ಮೊಬೈಲಿನಾಗ ಎಫ್‌ಎಂ ಇರಂಗಿಲ್ಲ, ಇದ್ರೂ ವೈರಿನ ಇಯರ್‌ಫೋನ್ ಸಿಗಿಸದ ಹಿಡಿಯಂಗಿಲ್ಲ. ವಾಟ್ಸ್ಯಾಪಿಗೆ 64 ಕೆಬಿಪಿಎಸ್ ಮೋನೊ ಎಂಪಿ3 ಮಾಡ್ರಿ, 15 ನಿಮಿಷಕ್ಕ 7 ಎಂಬಿ ಚಿಲ್ಲರ.

ರಾಯಚೂರು ಕೋರ್ಟ್ ಕಟ್ಟೆ

ವಾಟ್ಸ್ಯಾಪಿಗೆ ಬಿಡುವ ಮುನ್ನ ಮಾತಾಡಿದವರಿಂದ ಬೇರೆಯೇ ಒಪ್ಪಿಗೆ ತಗೊಳ್ಳಿ. ಬಾನುಲಿಗೆ ಕೊಟ್ಟದ್ದು ಇದಕ್ಕೆ ಅನ್ವಯಿಸದು, ಆ ಫೈಲು ಜಮೀನ್ದಾರರ ಗುಂಪಿಗೂ ಹೋಗುತ್ತದೆ. ಒಪ್ಪಿಗೆ ಒಟ್ಟು ಮೂರು ಸಲ: ರೆಕಾರ್ಡಿಗೆ ಮೊದಲು, ಮುಗಿದ ಮೇಲೆ, ಕತ್ತರಿಸಿದ ಕಂತನ್ನು ಪೂರ್ತಿ ಕೇಳಿಸಿದ ಮೇಲೆ. ಹೆಬ್ಬೆಟ್ಟಿಗಿಂತ ಅವರ ಬಾಯಲ್ಲೇ ರೆಕಾರ್ಡ್ ಆದ ಒಪ್ಪಿಗೆ ಮೇಲು. ಕೇಳಿಸಿದ ಮೇಲೆ ಎರಡು ದಿನ ಬಿಡಿ. ‘ಬ್ಯಾಡ್ರಿ’ ಬರುವುದು ಸಾಮಾನ್ಯವಾಗಿ ಎರಡನೇ ದಿನ, ಮನೆಯವರ ಜೊತೆ ಮಾತಾದ ಮೇಲೆ. ಬೇಡವೆಂದರೆ ಲ್ಯಾಪ್‌ಟಾಪಿನಿಂದ ಅಳಿಸಿದರೆ ಆಗಲಿಲ್ಲ, ರೆಕಾರ್ಡರಿನ ಮೆಮೊರಿ ಕಾರ್ಡಿನಲ್ಲಿ ಮೂಲ ಹಾಗೇ ಕೂತಿರುತ್ತದೆ.