ಇಂಟರ್ನೆಟ್ ಬೇಕೇ? ಇಂಟರ್ನೆಟ್‌ನಲ್ಲಿ ಅರ್ಜಿ ಹಾಕಿ!

"ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇನ್ನು ಬಡವರ ಮನೆಗೆ ಅಗ್ಗದ ಇಂಟರ್ನೆಟ್ ಬೇರೆ ಯಾಕ್ರೀ ಕೊಡಬೇಕು?" ಅಂತ ಸೀನ ಶುರು ಹಚ್ಚಿಕೊಂಡ. ಸೀನನ ಕೋರ್ಟಿನಲ್ಲಿ ಯಾವಾಗಲೂ ಮೊದಲು ತೀರ್ಪು, ಆಮೇಲೆ ವಿಚಾರಣೆ.

"ಹೌದಪ್ಪ, ಮೊನ್ನೆ ನಿಮ್ಮನೆ ವೈಫೈ ಅರ್ಧ ಗಂಟೆ ಕೈಕೊಟ್ಟಾಗ ಮಹಡಿ ಮೇಲೆ ಹತ್ತಿ, ಮೊಬೈಲನ್ನ ಆಕಾಶಕ್ಕೆ ಎತ್ತಿ ಹಿಡ್ಕೊಂಡು ಕೂಗಾಡ್ತಿದ್ದೋನು ಯಾರೋ?" ಅಂದರು ಗಿರಿಜಕ್ಕ.

"ಅದು ಆಫೀಸ್ ಕೆಲಸ ಅಕ್ಕ."

"ಸಿಕ್ಸರ್ ಹೋಯ್ತು, ಸಿಕ್ಸರ್ ಹೋಯ್ತು ಅಂತಿದ್ದೆ. ಯಾವ ಆಫೀಸೋ ಅದು?"

ನಿವೃತ್ತ ಗಣಿತದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಲೆಕ್ಕ ಬರುತ್ತದೆ ಅಂತ ಅರ್ಥ. ನಾವೆಲ್ಲ ಸ್ವಲ್ಪ ನೆಟ್ಟಗೆ ಕೂತೆವು. "ಸೀನ, ಒಂದು ಮನೆ ತಗೋ. ಅಪ್ಪ, ಅಮ್ಮ, ಮೂರು ಮಕ್ಕಳು, ಒಂದು ಮೊಬೈಲ್. ಬೆಳಗ್ಗೆ ಅಪ್ಪ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯೋ ಇಂಟರ್ನೆಟ್ ಎಷ್ಟು?"

"ಸೊನ್ನೆ."

"ರಾತ್ರಿ ಅಪ್ಪ ಬಂದಮೇಲೆ?"

"ಒಂದು."

"ಅದನ್ನ ಮೂರು ಮಕ್ಕಳಿಗೆ ಭಾಗಿಸು. ವಿಡಿಯೊ ಪಾಠ ಅಂದ್ರೆ ಗಂಟೆಗೆ ಹತ್ತಿರ ಹತ್ತಿರ 1 ಜಿಬಿ. ದೊಡ್ಡವನು ಒಂದು ಪಾಠ ನೋಡೋ ಹೊತ್ತಿಗೆ ದಿನದ ಡೇಟಾ ಮುಗಿದು, ಚಿಕ್ಕವಳಿಗೆ ಬರೀ ಸುತ್ತೋ ಚಕ್ರ."

"ಅಪ್ಪ ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗ್ಲಿ!"

"ಆಗ ಅವನಿಗೆ ಕೆಲಸ ಕೊಡೋರು ಯಾರಿಗೆ ಫೋನ್ ಮಾಡ್ತಾರೆ, ನಿಂಗಾ?" ಅಂದರು ಗಿರಿಜಕ್ಕ.

ನನಗೆ ಕೊರೊನಾ ಕಾಲದ ಒಂದು ಫೋಟೊ ನೆನಪಾಯಿತು. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಲೀನಸ್ ಎಂಬಲ್ಲಿ ಇಬ್ಬರು ಹುಡುಗಿಯರು ಒಂದು ಹೋಟೆಲಿನ ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಳಗಿನ ವೈಫೈ ಹಿಡಿದು ಓದುತ್ತಿದ್ದ ಚಿತ್ರ. ಅದು ಲೋಕವೆಲ್ಲ ಸುತ್ತಿತು. ಜಗತ್ತಿಗೆ ಸಾಫ್ಟ್‌ವೇರ್ ಕಳಿಸುವ ಸಿಲಿಕಾನ್ ವ್ಯಾಲಿ ಅದೇ ರಾಜ್ಯದಲ್ಲೇ ಇದೆ. ನಾನು ಇದನ್ನು ಹೇಳಿದೆ. ಸೀನ ಎರಡು ನಿಮಿಷ ಸುಮ್ಮನಾದ. ಅವನ ಮಟ್ಟಿಗೆ ಅದು ಮೌನವ್ರತ.

ಆಮೇಲೆ ಹೊಸ ದಿಕ್ಕಿನಿಂದ ಬಂದ. "ತಪ್ಪು ಕಂಪನಿಗಳದ್ದು. ವೈರ್ ಎಳೆಯೋಕೆ ಏನು ಮಹಾ ಖರ್ಚು? ಫೈಬರ್ ಅಂದ್ರೆ ಗಾಜಿನ ನೂಲು ತಾನೇ?"

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ರಾಜ ಎದ್ದೇಬಿಟ್ಟ. ಅವನು ಮನೆಮನೆಗೆ ಇಂಟರ್ನೆಟ್ ಲೈನ್ ಎಳೆಯುವವನು. "ಸೀನಣ್ಣ, ನೂಲು ಅಗ್ಗ. ದುಡ್ಡು ತಿನ್ನೋದು ಗುಂಡಿ. ರಸ್ತೆ ಅಗೆಯೋಕೆ ಪರ್ಮಿಷನ್, ಅಗೆದಿದ್ದು ಮುಚ್ಚೋಕೆ ಖರ್ಚು, ಮುಚ್ಚಿದ ಮೇಲೆ ನೀರಿನ ಪೈಪಿನೋರು ಬಂದು ಅದೇ ಜಾಗ ಅಗೆದು ನಮ್ ಕೇಬಲ್ ಕತ್ತರಿಸ್ತಾರಲ್ಲ, ಅದಕ್ಕೆ ಕಣ್ಣೀರು."

"ಹಾಗಾದ್ರೆ ಬಡವರ ಬೀದಿಗೆ ಲೈನ್ ಹೋಗೋದೇ ಇಲ್ಲ ಅನ್ನು."

"ಅದೇ ತಮಾಷೆ. ಎಷ್ಟೋ ಕಡೆ ಹೋಗಿದೆ! ಕಂಬದ ಮೇಲೆ ಸ್ಪ್ಲಿಟರ್ ಅಂತ ಒಂದು ಸಣ್ಣ ಡಬ್ಬಿ ಇರತ್ತೆ. ಒಂದು ನೂಲಲ್ಲಿ ಬಂದ ಬೆಳಕನ್ನ 32 ಮನೆಗೆ ಹಂಚತ್ತೆ, ಕೆಲವು ಕಡೆ 64ಕ್ಕೆ. ನಾನು ಡಬ್ಬಿ ತೆಗೆದ್ರೆ ಎಷ್ಟೋ ಸಲ ಅರ್ಧ ತೂತು ಖಾಲಿ. ಲೈನ್ ಮನೆ ಮುಂದೇನೇ ಇದೆ, ಮನೆಯವರ ಹತ್ರ ತಿಂಗಳ ಬಿಲ್ ಕಟ್ಟೋಕೆ ದುಡ್ಡಿಲ್ಲ."

ಇದು ನನಗೆ ಮುಖ್ಯ ಅನ್ನಿಸಿತು. ಲೈನೇ ಇಲ್ಲದ ಹಳ್ಳಿಯ ಕಾಯಿಲೆ ಬೇರೆ, ಲೈನಿದ್ದೂ ಕಟ್ಟಲಾಗದ ಮನೆಯ ಕಾಯಿಲೆ ಬೇರೆ. ಮೊದಲನೆಯದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಸಿಗುತ್ತದೆ, ಫೋಟೊ ಬರುತ್ತದೆ. ಎರಡನೆಯದಕ್ಕೆ ಕತ್ತರಿಸಲು ರಿಬ್ಬನ್ನೇ ಇಲ್ಲ. ಹಾಗಾಗಿ ಅದರ ನೆನಪು ಯಾರಿಗೂ ಬರುವುದಿಲ್ಲ.

"ಇದಕ್ಕೆಲ್ಲ ಲೆಕ್ಕ ಇದೆ," ಅಂದರು ಮೇಷ್ಟ್ರು. "ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಕನಿಷ್ಠ ದರ್ಜೆಯ ಬ್ರಾಡ್‌ಬ್ಯಾಂಡ್ ಬೆಲೆ ತಲಾ ತಿಂಗಳ ವರಮಾನದ ಶೇ 2ಕ್ಕಿಂತ ಕಡಿಮೆ ಇರಬೇಕು, ಅದೂ 2025ರೊಳಗೆ ಅಂತ ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಗುರಿ ಇಟ್ಟಿತ್ತು."

"ಪರವಾಗಿಲ್ವೇ! ಶೇ 2 ಅಂದ್ರೆ ಏನೂ ಅಲ್ಲ."

"ಯಾರ ವರಮಾನದ ಶೇ 2? ದೇಶದ ಸರಾಸರಿ. ಅದರಲ್ಲಿ ಕೋಟ್ಯಧಿಪತಿನೂ ಸೇರಿರ್ತಾನೆ. ಹೊಳೆಯ ಸರಾಸರಿ ಆಳ ಮೂರೇ ಅಡಿ ಅಂತ ಈಜು ಬಾರದವನನ್ನ ಇಳಿಸಿದ ಹಾಗೆ."

"ಫಿನ್ಲೆಂಡಲ್ಲಿ ಎಲ್ಲಾ ಫ್ರೀ ಅಂತೆ ಮೇಷ್ಟ್ರೇ," ಅಂದ ಸೀನ, ಆಳದಿಂದ ದಡಕ್ಕೆ ಬರುತ್ತ.

"ಫ್ರೀ ಅಲ್ಲ. 2010ರ ಜುಲೈಯಿಂದ ಪ್ರತಿ ಮನೆಗೂ 1 ಎಂಬಿಪಿಎಸ್ ವೇಗದ ಸಂಪರ್ಕ ಕಾನೂನಿನ ಹಕ್ಕು ಅಂತ ಮಾಡಿದರು. ಹಕ್ಕು ಅಂದ್ರೆ, ನೀನು ಕೇಳಿದರೆ ಕಂಪನಿ ಇಲ್ಲ ಅನ್ನೋ ಹಾಗಿಲ್ಲ, ಬೆಲೆ ನ್ಯಾಯವಾಗಿರಬೇಕು. ದುಡ್ಡು ನೀನೇ ಕಟ್ಟಬೇಕು."

"ಈ ಹಕ್ಕು ನಂಗೆ ಬೇಡ," ಅಂದ ಸೀನ.

ಮೇಷ್ಟ್ರು ಮತ್ತೆ ಕನ್ನಡಕ ಒರೆಸಿದರು. ಈ ಸಲ ದೊಡ್ಡ ಲೆಕ್ಕ. ಅಮೆರಿಕದವರು 2021ರ ಕೊನೆಯಲ್ಲಿ ಎಸಿಪಿ ಅಂತ ಒಂದು ಯೋಜನೆ ತೆರೆದರು. ಬಡ ಕುಟುಂಬದ ಇಂಟರ್ನೆಟ್ ಬಿಲ್‌ನಲ್ಲಿ ತಿಂಗಳಿಗೆ 30 ಡಾಲರ್‌ವರೆಗೆ ಸರ್ಕಾರದ್ದು, ಮೂಲನಿವಾಸಿಗಳ ಭೂಮಿಯಲ್ಲಿ 75. ಇಟ್ಟ ಹಣ 1,420 ಕೋಟಿ ಡಾಲರ್. ಸೇರಿದ ಮನೆಗಳು 2.3 ಕೋಟಿಗೂ ಹೆಚ್ಚು.

"ಭಾಗಿಸೋ ಸೀನ."

"ನೀವೇ ಭಾಗಿಸಿ ಮೇಷ್ಟ್ರೇ, ನಾನು ಕಾಮರ್ಸು."

"2.3 ಕೋಟಿ ಮನೆ, 30 ಡಾಲರ್. ತಿಂಗಳಿಗೆ 69 ಕೋಟಿ. ಎಲ್ಲರೂ ಮೊದಲ ದಿನವೇ ಸೇರಿದ್ದರೆ ಎರಡು ವರ್ಷವೂ ಬಾಳದ ದುಡ್ಡು! ನಿಧಾನವಾಗಿ ಸೇರಿದ್ದರಿಂದ ಒಂದಿಷ್ಟು ಎಳೆಯಿತು, ಅಷ್ಟೆ. 2024ರ ಫೆಬ್ರುವರಿಯಲ್ಲಿ ಹೊಸ ಅರ್ಜಿ ಬಂದ್, ಜೂನ್ 1ಕ್ಕೆ ಯೋಜನೆಯೇ ಬಂದ್. ಏಳನೇ ಕ್ಲಾಸಿನ ಹುಡುಗನ್ನ ಕೇಳಿದ್ದರೆ ಬಾಗಿಲು ತೆರೆಯೋ ದಿನವೇ ಮುಚ್ಚೋ ದಿನ ಹೇಳ್ತಿದ್ದ."

"ಪಾಪ, ಅವರ ಸಂಸತ್ತಿನಲ್ಲಿ ಎಲ್ಲಾ ಕಾಮರ್ಸ್ ಇರಬೇಕು," ಅಂದರು ಗಿರಿಜಕ್ಕ.

ಇಲ್ಲಿ ನಗು ಬಂತಾದರೂ, ನನ್ನ ತಲೆಯಲ್ಲಿ ಬೇರೆ ಚಿತ್ರ ಇತ್ತು. ಮಗುವಿಗೆ ಆನ್‌ಲೈನ್ ಪಾಠ, ಅಜ್ಜಿಗೆ ಡಾಕ್ಟರ ವಿಡಿಯೊ ಕರೆ, ಅಪ್ಪನಿಗೆ ಕೆಲಸದ ಅರ್ಜಿ, ಎಲ್ಲ ರೂಢಿಯಾದ ಮೇಲೆ ಒಂದು ಕಾಗದ ಬರುತ್ತದೆ: ಮುಂದಿನ ತಿಂಗಳಿಂದ ಪೂರ್ತಿ ಬಿಲ್. ಏನೂ ಇಲ್ಲದಿದ್ದಾಗ ಹೇಗೋ ನಡೆಯುತ್ತಿತ್ತು. ರೂಢಿ ಮಾಡಿಸಿ ಕಿತ್ತುಕೊಂಡರೆ ನಡೆಯುವುದಿಲ್ಲ.

"ನ್ಯೂಯಾರ್ಕ್ ರಾಜ್ಯದವರು ಇನ್ನೊಂದು ದಾರಿ ಹಿಡಿದರು," ಅಂತ ಮೇಷ್ಟ್ರು ಮುಂದುವರಿಸಿದರು. "ಸರ್ಕಾರ ದುಡ್ಡು ಕೊಡೋದಲ್ಲ, ಕಂಪನಿಗಳೇ ಬಡವರಿಗೆ 15 ಡಾಲರ್‌ಗೆ 25 ಎಂಬಿಪಿಎಸ್, ಇಲ್ಲವೇ 20 ಡಾಲರ್‌ಗೆ 200 ಎಂಬಿಪಿಎಸ್ ಕೊಡಬೇಕು ಅಂತ 2021ರಲ್ಲಿ ಕಾನೂನು ಮಾಡಿದರು."

"ಭಲೇ! ಕಂಪನಿಗಳು?"

"ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್‌ವರೆಗೂ ಎಳೆದಾಡಿ, ಕಾನೂನು ಜಾರಿಗೆ ಬಂದಿದ್ದು 2025ರ ಜನವರಿಯಲ್ಲಿ. ಕಾನೂನು ಆದಾಗ ಐದನೇ ಕ್ಲಾಸಲ್ಲಿದ್ದ ಮಗು, ಜಾರಿಗೆ ಬಂದಾಗ ಒಂಬತ್ತನೇ ಕ್ಲಾಸು."

"ಕೇರಳದವರು ಸ್ವಂತ ಲೈನೇ ಎಳೆದರಲ್ಲ," ಅಂದ ರಾಜ, ಇನ್ನೂ ಗುಂಡಿಯ ಗುಂಗಿನಲ್ಲೇ. "ಕೆ-ಫೋನ್ ಅಂತ, ಸರ್ಕಾರದ್ದೇ ಇಂಟರ್ನೆಟ್ ಜಾಲ. ವಿದ್ಯುತ್ ಮಂಡಳಿಯ ಕಂಬದ ಮೇಲೇ ಕೇಬಲ್ ಹಾಕಿದ್ರು, ಅಗೆಯೋದು ಎಷ್ಟೋ ಉಳೀತು. 2023ರ ಜೂನ್‌ನಲ್ಲಿ ಶುರು. 20 ಲಕ್ಷ ಬಡ ಕುಟುಂಬಕ್ಕೆ ಉಚಿತ ಅಂತ ಗುರಿ, ಮೊದಲ ಹಂತಕ್ಕೆ ವಿಧಾನಸಭಾ ಕ್ಷೇತ್ರಕ್ಕೆ 100ರ ಹಾಗೆ 14,000 ಮನೆ."

"ಸಾವಿರಕ್ಕೆ ಏಳು," ಅಂದರು ಮೇಷ್ಟ್ರು ತಕ್ಷಣ. ಮೇಷ್ಟ್ರಿಗೆ ಯಾರ ಒಳ್ಳೆಯ ಸುದ್ದಿಯನ್ನೂ ಹಾಗೇ ಬಿಟ್ಟು ಗೊತ್ತಿಲ್ಲ.

ಗಿರಿಜಕ್ಕ ಕೈ ಅಡ್ಡ ಹಿಡಿದರು. "ದುಡ್ಡು, ಗುಂಡಿ, ಕೋರ್ಟು ಎಲ್ಲಾ ಸರಿ. ನಾನು ಕೇಳೋದು ಇಷ್ಟು: ಅಗ್ಗದ ಪ್ಲಾನ್ ಇದ್ರೂ ಅದು ಬಡವರಿಗೆ ಸಿಗುತ್ತಾ? ರಾಜ, ನಿಜ ಹೇಳು. ನಿಮ್ಮ ಆಫೀಸಲ್ಲಿ ಇದೆಯಾ?"

ರಾಜ ಅತ್ತಿತ್ತ ನೋಡಿದ. "ಇದೆ ಅಕ್ಕ."

"ಎಲ್ಲಿದೆ?"

"ವೆಬ್‌ಸೈಟಲ್ಲಿ. ಕೆಳಗಡೆ. ಇನ್ನೂ ಕೆಳಗಡೆ. ಸಣ್ಣ ಅಕ್ಷರದಲ್ಲಿ."

"ನೀನು ಯಾವತ್ತಾದ್ರೂ ಅದನ್ನ ಮಾರಿದೀಯಾ?"

"ಕಮಿಷನ್ ಬರೋದು ದೊಡ್ಡ ಪ್ಲಾನಿಗೆ ಅಕ್ಕ. ಸಣ್ಣದನ್ನ ಮಾರಿದ್ರೆ ಮ್ಯಾನೇಜರ್ ಹುಷಾರಿದೀಯಾ ಅಂತ ಕೇಳ್ತಾರೆ."

ಮೇಷ್ಟ್ರ ಬಳಿ ಇದಕ್ಕೂ ಅಂಕಿ ಇತ್ತು. ಬ್ರಿಟನ್‌ನಲ್ಲಿ ಸರ್ಕಾರದ ನೆರವು ಪಡೆಯುವವರಿಗೆ ಕಂಪನಿಗಳು ಸೋಷಿಯಲ್ ಟ್ಯಾರಿಫ್ ಅಂತ ಅಗ್ಗದ ದರ ಇಟ್ಟಿದ್ದವು. 2022ರ ಆರಂಭದಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಲೆಕ್ಕ ಹಾಕಿತು. ಅರ್ಹ ಮನೆಗಳು 42 ಲಕ್ಷ, ಪಡೆದವರು 55,000. ನೂರಕ್ಕೆ ಒಂದು ಚಿಲ್ಲರೆ. ನೆರವು ಪಡೆಯುವ ನೂರು ಮಂದಿಯಲ್ಲಿ 84 ಮಂದಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

"ನೋಡಿದ್ರಾ!" ಅಂದರು ಗಿರಿಜಕ್ಕ. "ದುಬಾರಿ ಪ್ಲಾನಿಗೆ ಬಸ್ಸಿನ ಹಿಂದೆ, ಪೇಪರಿನ ಮುಂದೆ, ಯೂಟ್ಯೂಬ್ ಮಧ್ಯೆ ಜಾಹೀರಾತು. ಅಗ್ಗದ್ದು ಮಾತ್ರ ಗುಟ್ಟು. ಬಡವರು ಯಾರು ಅಂತ ಸರ್ಕಾರದ ಹತ್ರ ಪಟ್ಟಿ ಇರುತ್ತೆ. ಆ ಪಟ್ಟಿ ನೋಡಿ ಲೈನ್ ಕೊಡೋದು ಬಿಟ್ಟು, ನೀನು ಬಡವ ಅಂತ ಮತ್ತೆ ಸಾಬೀತು ಮಾಡು ಅಂತಾರೆ. ಒಂದು ಸಲ ಬಡವನಾಗಿದ್ದು ಸಾಲದಾ?"

ಪಟ್ಟಿ ನೋಡಿ ಕೊಟ್ಟ ಊರೂ ಒಂದಿದೆ. ಅಮೆರಿಕದ ಚಾಟನೂಗಾದಲ್ಲಿ ನಗರದ್ದೇ ವಿದ್ಯುತ್ ಸಂಸ್ಥೆ ಇಂಟರ್ನೆಟ್ಟನ್ನೂ ಕೊಡುತ್ತದೆ. 2020ರಲ್ಲಿ ಅವರು ಶಾಲೆಗಳ ಜೊತೆ ಸೇರಿ ಸುಮಾರು 28,000 ಬಡ ವಿದ್ಯಾರ್ಥಿಗಳ ಮನೆಗೆ ಹತ್ತು ವರ್ಷ ಉಚಿತ, 100 ಎಂಬಿಪಿಎಸ್ ಅಂದರು. ಯಾರಿಗೆ ಕೊಡಬೇಕು ಅಂತ ತಿಳಿಯಲು ಶಾಲೆಯ ಊಟದ ರಿಯಾಯಿತಿಯ ಪಟ್ಟಿ ಇತ್ತು. ನನ್ನ ಮೆಚ್ಚುಗೆ ವೇಗಕ್ಕಲ್ಲ, ಆ ಹತ್ತು ವರ್ಷಕ್ಕೆ. ಒಂದನೇ ಕ್ಲಾಸಿನ ಮಗು ಹತ್ತನೇ ಕ್ಲಾಸು ಮುಗಿಸಬಹುದು, ಮಧ್ಯದಲ್ಲಿ ಯಾರೂ ಸ್ವಿಚ್ ಆರಿಸುವುದಿಲ್ಲ.

"ಲೈನ್ ಕೊಟ್ರೆ ಆಯ್ತಾ?" ರಾಜ ನಡುವೆ ಬಾಯಿ ಹಾಕಿದ. "ಹೇಳಿಕೊಡೋರೂ ಬೇಕು. ಒಂದು ಮನೆಗೆ ಹಾಕಿ ಬಂದೆ, ಮಾರನೇ ದಿನ ಸಿಗ್ನಲ್ ಬರ್ತಿಲ್ಲ ಅಂತ ಕಂಪ್ಲೇಂಟ್. ಹೋಗಿ ನೋಡಿದ್ರೆ ರೌಟರೇ ಕಾಣಿಸ್ತಿಲ್ಲ! ಎಲ್ಲಮ್ಮಾ ಅಂದ್ರೆ, ಬೆಲೆಬಾಳೋ ಸಾಮಾನು ಅಂತ ಕಬ್ಬಿಣದ ಬೀರುವಲ್ಲಿ ಇಟ್ಟು ಬೀಗ ಹಾಕಿದಾರೆ. ವೈರ್ ಮಾತ್ರ ಬಾಗಿಲ ಸಂದಿಯಿಂದ ಹೊರಗೆ. ತೆಗೆಸಿದ್ರೆ ರೇಷ್ಮೆ ಸೀರೆ ಮೇಲೆ ಕೂತು ಹಸಿರು ದೀಪ ಮಿಣಮಿಣ ಅಂತಿದೆ."

"ನಗಬೇಡ," ಅಂದರು ಗಿರಿಜಕ್ಕ, ತಾವೇ ನಗುತ್ತ. "ಕಬ್ಬಿಣ ಸಿಗ್ನಲ್ ತಡೆಯತ್ತೆ ಅಂತ ಅವರಿಗೆ ಯಾರು ಹೇಳಿದ್ರು? ನೀನು ಪಾಸ್‌ವರ್ಡನ್ನ ಚೀಟೀಲಿ ಬರೆದುಕೊಟ್ಟು ಏಣಿ ಎತ್ಕೊಂಡು ಓಡಿರ್ತೀಯ."

"ಅದೂ ನಿಜ. ಚೀಟಿನೂ ಬೀರುವಲ್ಲೇ ಇತ್ತು."

ಸೀನನಿಗೆ ಇದ್ದಕ್ಕಿದ್ದ ಹಾಗೆ ಸಮಾಜಸೇವೆಯ ಆವೇಶ ಬಂತು. "ಬರೀ ಮಾತಾಡಿ ಏನು ಪ್ರಯೋಜನ? ನಮ್ಮನೆ ಕೆಲಸಕ್ಕೆ ಬರೋ ಅಮ್ಮನಿಗೆ ಇಬ್ಬರು ಮಕ್ಕಳು. ಅಗ್ಗದ ಪ್ಲಾನಿಗೆ ಅವರ ಅರ್ಜಿ ಈಗಲೇ ಹಾಕ್ತೀನಿ. ಕಾಗದಪತ್ರದ ಫೋಟೊ ಎಲ್ಲಾ ನನ್ನ ಹತ್ರನೇ ಇದೆ. ರಾಜ, ಲಿಂಕ್ ಕೊಡು. ಐದೇ ನಿಮಿಷ."

ನಾವು ಸುತ್ತ ಕೂತು ನೋಡಿದೆವು. ಮೊದಲು ರೋಬೊಟ್ ಅಲ್ಲ ಅಂತ ಸಾಬೀತು ಮಾಡಲು ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಒತ್ತಬೇಕಿತ್ತು. ಸೀನ ಕಂಬವನ್ನೂ ಸೇರಿಸಿ ಒತ್ತಿದ, ಫೇಲ್ ಆದ. ಎರಡನೇ ಸಲ ಕಂಬ ಬಿಟ್ಟ, ಮತ್ತೆ ಫೇಲ್. "ನೀನು ಮನುಷ್ಯನೇ ಅಲ್ಲ ಅಂತ ನಾನು ಯಾವತ್ತೋ ಹೇಳಿದ್ದೆ," ಅಂದರು ಗಿರಿಜಕ್ಕ. ಆಮೇಲೆ ಇ-ಮೇಲ್ ಕೇಳಿತು. ಆ ಅಮ್ಮನಿಗೆ ಇ-ಮೇಲ್ ಇಲ್ಲ. ಸೀನ ತನ್ನದೇ ಕೊಟ್ಟ. ಆದಾಯ ಪ್ರಮಾಣಪತ್ರ ಪಿಡಿಎಫ್ ಆಗಿರಬೇಕು, 200 ಕೆಬಿ ಮೀರಬಾರದು. ಮೇಷ್ಟ್ರು, ರಾಜ, ನಾನು ಮೂವರೂ ಸೇರಿ ಅದನ್ನು ಕುಗ್ಗಿಸಿದೆವು. ಕುಗ್ಗಿದ ಮೇಲೆ ಅಕ್ಷರ ಸ್ಪಷ್ಟವಾಗಿಲ್ಲ ಅಂತ ವಾಪಸ್ ಬಂತು. ಸ್ಪಷ್ಟ ಮಾಡಿದರೆ 200 ದಾಟಿತು.

ಹೇಗೋ ನೂಕಿ ಕೊನೆಯ ಪುಟಕ್ಕೆ ಬಂದರೆ ಒಟಿಪಿ. ಅದು ಹೋಗುವುದು ಆ ಅಮ್ಮನ ಮನೆಯ ಒಂದೇ ಒಂದು ಮೊಬೈಲಿಗೆ. ಆ ಮೊಬೈಲ್ ಗಂಡನ ಜೇಬಿನಲ್ಲಿ. ಗಂಡ ರಾತ್ರಿ ಪಾಳಿಯಲ್ಲಿ, ಫೋನ್ ಎತ್ತುತ್ತಿಲ್ಲ.

"ಸೆಷನ್ ಮುಗಿದಿದೆ, ದಯವಿಟ್ಟು ಮೊದಲಿನಿಂದ ಆರಂಭಿಸಿ," ಅಂತ ಸೀನ ಪರದೆ ನೋಡಿ ಗಟ್ಟಿಯಾಗಿ ಓದಿದ. ಅವನ ಮುಖ ಕೆಂಪಾಗಿತ್ತು.

"ಐದು ನಿಮಿಷ ಆಯ್ತಾ?" ಅಂದರು ಮೇಷ್ಟ್ರು.

"ಕಸ್ಟಮರ್ ಕೇರ್‌ಗೆ ಮಾಡ್ತೀನಿ. ಇವರಿಗೆ ಮಾಡ್ತೀನಿ ಇವತ್ತು!" ಅಂತ ಸೀನ ನಂಬರ್ ಒತ್ತಿ ಸ್ಪೀಕರ್ ಹಾಕಿದ. ಸಂಗೀತ ಬಂತು. ನಿಮ್ಮ ಕರೆ ನಮಗೆ ಅಮೂಲ್ಯ ಎಂಬ ಮಾತು ಬಂತು. ಒಂದು ಒತ್ತಿದ, ನಾಲ್ಕು ಒತ್ತಿದ, ಇನ್ನೊಮ್ಮೆ ಸಂಗೀತ ಕೇಳಿದ. ಕೊನೆಗೊಂದು ಜೇನಿನಂಥ ದನಿ ಹೇಳಿತು: "ಕಡಿಮೆ ಆದಾಯದ ಕುಟುಂಬಗಳ ವಿಶೇಷ ಯೋಜನೆಯ ಮಾಹಿತಿಗಾಗಿ ದಯವಿಟ್ಟು ನಮ್ಮ ವೆಬ್‌ಸೈಟ್‌ಗೆ ಭೇಟಿ ನೀಡಿ."