ಸಮಸ್ಯೆ: ‘ಹಾವಿನ ತಲೆಯೆರಡ ತಳೆದು ಹಾರಿತ್ತಿರುಳೊಳ್’

ಪೃಚ್ಛಕರು: ನಾಲ್ಕು ಪಾದಗಳ ಕಂದಪದ್ಯದ ಕೊನೆಯ ಪಾದವನ್ನು ಮೇಲೆ ಕೊಟ್ಟಿದ್ದೇನೆ, ಇದಕ್ಕೆ ಅರ್ಥ ಕೂಡುವಂತೆ ಉಳಿದ ಮೂರು ಪಾದ ಕಟ್ಟುವುದೇ ಪೂರಣ. ಗರುಡನನ್ನೂ ಶಿವನನ್ನೂ ಕರೆತರದೆ, ಕಣ್ಣಿಗೆ ಕಾಣುವ ಜೀವಿಯೊಂದರಿಂದಲೇ ಪೂರಣ ಮಾಡಬೇಕೆಂದು ವಿನಂತಿ.

ಪೂರಣ:

ಹೂವನೆ ನೋಡದ ಚಿಟ್ಟೆಯ-
ದಾವಗಮುಪವಾಸಮಿರ್ದು ವಾರದ ಬಾಳೊಳ್
ಕಾವಲಿಗೆನೆ ಗರಿತುದಿಯೊಳ್
ಹಾವಿನ ತಲೆಯೆರಡ ತಳೆದು ಹಾರಿತ್ತಿರುಳೊಳ್

ಮಳೆ ಬಿಟ್ಟ ರಾತ್ರಿ ಮಲೆನಾಡಿನ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಅಂಟಿ ಕೂರುವ ಅಟ್ಲಾಸ್ ಪತಂಗವನ್ನು ಇಲ್ಲಿ ಹೇಳಿದ್ದೇನೆ. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 25 ಸೆಂ.ಮೀ. ಮುಟ್ಟಬಹುದು. ಇಟ್ಟಿಗೆಗೆಂಪು ಮೈಬಣ್ಣದ ನಡುವೆ, ಹುಡಿಯಂಥ ಹುರುಪೆಗಳೇ ಇಲ್ಲದ ಮುಕ್ಕೋನದ ಪಾರದರ್ಶಕ ಕಿಟಕಿಗಳಿರುತ್ತವೆ. ಮುಂದಿನ ರೆಕ್ಕೆಯ ತುದಿಯೋ, ಕಣ್ಣಿನಂಥ ಚುಕ್ಕೆಯೊಂದಿಗೆ ಬಾಗಿ, ಪಕ್ಕದಿಂದ ನೋಡಿದ ಹಾವಿನ ತಲೆಯಂತೆಯೇ ಕಾಣುತ್ತದೆ. ಬೆದರಿಸಿದರೆ ಅದು ನೆಲಕ್ಕೆ ಬಿದ್ದು ರೆಕ್ಕೆಯನ್ನು ನಿಧಾನವಾಗಿ ಆಡಿಸುತ್ತದೆ, ಆಗ ಆ ತಲೆಗಳೂ ಆಡುತ್ತವೆ.

ಸಹೃದಯರೊಬ್ಬರು: ಪೂರಣ ಸೊಗಸಾಗಿದೆ, ಯತಿಯೂ (ಪಾದದ ನಡುವಿನ ನಿಲುಗಡೆ) ಸರಿಯಾಗಿ ಬಿದ್ದಿದೆ. ಆದರೆ ಇರುಳಲ್ಲಿ ಹಾರುವುದು ಪತಂಗವಲ್ಲವೇ, ತಾವು ‘ಚಿಟ್ಟೆ’ ಎಂದದ್ದೇಕೆ? ‘ಆವಗಮುಪವಾಸ’ವೂ ಅತಿಶಯೋಕ್ತಿ ಎನಿಸಿತು.

ಪೂರಣಕಾರರು: ಮೊದಲನೆಯ ಆಕ್ಷೇಪವನ್ನು ಒಪ್ಪುತ್ತೇನೆ, ‘ಪತಂಗ’ದ ಮೊದಲಕ್ಷರ ಲಘು, ಎಂದರೆ ಒಂದೇ ಮಾತ್ರೆಯದು, ಆದ್ದರಿಂದ ಆ ಜಾಗದಲ್ಲಿ ಕೂರಲಿಲ್ಲ. ಚಿಟ್ಟೆಯ ಮೀಸೆಯ ತುದಿಯಲ್ಲಿ ಗುಂಡನೆಯ ಉಬ್ಬಿರುತ್ತದೆ, ಇದರದು ಗರಿಯಂತೆ ಸೀಳಿದ ಮೀಸೆ. ಉಪವಾಸ ಮಾತ್ರ ಅಕ್ಷರಶಃ ನಿಜ: ದಾಲ್ಚಿನ್ನಿಯಂಥ ಗಿಡಗಳ ಎಲೆ ಮೇಯುವುದೆಲ್ಲ ಹುಳುವಾಗಿದ್ದಾಗಲೇ, ರೆಕ್ಕೆ ಬಂದ ಮೇಲೆ ಉಣ್ಣುವ ಬಾಯೇ ಇಲ್ಲದೆ, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಿಂದಲೇ ಒಂದೆರಡು ವಾರ ಬದುಕುತ್ತದೆ. ನಮ್ಮ ಹಿಪ್ಪುನೇರಳೆ ರೇಷ್ಮೆಯ ಪತಂಗವೂ ಉಣ್ಣುವುದಿಲ್ಲ. ಆದರೆ ಅದರ ಗೂಡಿನಿಂದ ಒಂದೇ ಎಳೆ ಬಿಚ್ಚಿ ಬರುತ್ತದೆ, ಅಟ್ಲಾಸ್ ಗೂಡಿನ ಕಂದು ನೂಲು ತುಂಡುತುಂಡು. ಹಾಗಾಗಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಇದರಿಂದ ಭಯವಿಲ್ಲ.

ಅಂದಹಾಗೆ, 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು ಅಟ್ಯಾಕಸ್ ಅಟ್ಲಾಸ್. ಪಶ್ಚಿಮಘಟ್ಟ ಮತ್ತು ಶ್ರೀಲಂಕೆಯದು ಅದರ ಸೋದರ ಪ್ರಭೇದ ಅಟ್ಯಾಕಸ್ ಟಾಪ್ರೊಬಾನಿಸ್.

ಪೃಚ್ಛಕರು: ಪೂರಣ ಸ್ವೀಕೃತ. ಪದ್ಧತಿಯಂತೆ ಮುಂದಿನ ಸಮಸ್ಯೆ ತಮ್ಮದು.

ಪೂರಣಕಾರರು: ಹೆಣ್ಣು ಪತಂಗ ಗೂಡಿನಿಂದ ಹೊರಬಿದ್ದ ಮೇಲೆ ಹೆಚ್ಚು ದೂರ ಹೋಗದೆ, ಅಲ್ಲೇ ಹತ್ತಿರ ಕುಳಿತು ಗಾಳಿಗೆ ಗಂಧ ಬಿಡುತ್ತದೆ. ಗಂಡಿನ ಮೀಸೆ ಅಷ್ಟು ಅಗಲವಾಗಿರುವುದು ಆ ಗಂಧವನ್ನು ಹಿಡಿಯಲಿಕ್ಕೇ. ಸುಳಿವು ಇಷ್ಟು ಸಾಕು:

‘ಬಾಯಿಲ್ಲದ ಚೆಲುವೆ ಕರೆಯೆ ಬಂದಂ ನಲ್ಲಂ’