ಡೆಕ್ಸಾ (ಮೂಳೆ ಸಾಂದ್ರತೆಯ ಸ್ಕ್ಯಾನ್) ವರದಿ: ಬೆನ್ನುಮೂಳೆ ಏರಿದೆ, ಹಿಪ್ ಇಳಿದಿದೆ. ಮಾತ್ರೆ ಕೆಲಸ ಮಾಡುತ್ತಿದೆಯೇ?

ಪ್ರಶ್ನೆ
ತಾಯಿಗೆ 66 ವರ್ಷ. ಎರಡು ವರ್ಷದಿಂದ ವಾರಕ್ಕೊಂದು ಅಲೆಂಡ್ರೊನೇಟ್ (ಮೂಳೆ ನಷ್ಟ ತಡೆಯುವ ಮಾತ್ರೆ) 70 ಮಿ.ಗ್ರಾಂ. ಎರಡೂ ಸ್ಕ್ಯಾನ್ ಒಂದೇ ಯಂತ್ರದಲ್ಲಿ ಆಗಿವೆ. ಬೆನ್ನುಮೂಳೆಯ ಸಾಂದ್ರತೆ (ಎಲ್1–ಎಲ್4, ಅಂದರೆ ಸೊಂಟದ ಭಾಗದ ಮೊದಲ ನಾಲ್ಕು ಮೂಳೆ) 0.812ರಿಂದ 0.861ಕ್ಕೆ ಏರಿದೆ, ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗಿಂತ ಎಷ್ಟು ದೂರ ಎಂಬ ಅಂಕಿ) −1.7. ಟೋಟಲ್ ಹಿಪ್ (ತೊಡೆಮೂಳೆಯ ಮೇಲ್ತುದಿಯ ಒಟ್ಟು ಅಳತೆ) 0.688ರಿಂದ 0.671ಕ್ಕೆ ಇಳಿದಿದೆ, ಟಿ-ಸ್ಕೋರ್ −2.2. ಬಿಡಿಬಿಡಿಯಾಗಿ ಟಿ-ಸ್ಕೋರ್ ಎಲ್1 −2.5, ಎಲ್2 −2.3, ಎಲ್3 −0.3, ಎಲ್4 −1.6. ಕೊನೆಗೆ "ಆಸ್ಟಿಯೋಪೀನಿಯಾ" (ಸಾಂದ್ರತೆ ಕಡಿಮೆ, ಆದರೆ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಮಟ್ಟಕ್ಕಿಲ್ಲ) ಎಂದಷ್ಟೇ ಬರೆದಿದ್ದಾರೆ. ಹಿಪ್ ಇಳಿದಿದೆಯೆಂದು ಔಷಧ ಬದಲಿಸಬೇಕೇ?

ಸ್ಕ್ಯಾನ್ ಕೋಣೆ
ಹೋಲಿಸುವಾಗ ಟಿ-ಸ್ಕೋರ್ ಬಿಟ್ಟು ಸಾಂದ್ರತೆಯ ಗ್ರಾಂ/ಚ.ಸೆಂ.ಮೀ. ಅಂಕಿಯನ್ನೇ ನೋಡಿ. ಹಿಪ್ ಇಳಿದದ್ದು ಸುಮಾರು 2.5%. ಅದೇ ವ್ಯಕ್ತಿಯನ್ನು ಮೇಜಿನಿಂದ ಇಳಿಸಿ ಮತ್ತೆ ಮಲಗಿಸಿದರೂ ಅಂಕಿ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಪ್ರತಿ ಕೇಂದ್ರವೂ 30 ಜನರನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿ ತನ್ನ ಅಳತೆಯ ದೋಷ ಕಂಡುಕೊಂಡು, ಅದನ್ನು 2.77ರಿಂದ ಗುಣಿಸಬೇಕು. ಆ ಮಿತಿ ದಾಟಿದರೆ ಮಾತ್ರ ನಿಜವಾದ ಬದಲಾವಣೆ. ಟೋಟಲ್ ಹಿಪ್‌ಗೆ ಒಪ್ಪಬಹುದಾದ ಗರಿಷ್ಠ ಮಿತಿ 5%. ಕೇಂದ್ರದವರ ಮಿತಿ ಎಷ್ಟೆಂದು ಕೇಳಿ; ಅದು 2.5ಕ್ಕಿಂತ ಹೆಚ್ಚಿದ್ದರೆ ಈ ಇಳಿಕೆಗೆ ಅರ್ಥವಿಲ್ಲ.

ಎರಡೂ ಹಿಪ್ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾಲನ್ನು 15ರಿಂದ 25 ಡಿಗ್ರಿ ಒಳಕ್ಕೆ ತಿರುಗಿಸಿ ಕಟ್ಟಿರಬೇಕು. ಸರಿಯಾಗಿ ತಿರುಗಿಸಿದ್ದರೆ ತೊಡೆಮೂಳೆಯ ಒಳಬದಿಯ ಸಣ್ಣ ಉಬ್ಬು ಕಂಡೂ ಕಾಣದಂತಿರುತ್ತದೆ. ಒಂದು ಚಿತ್ರದಲ್ಲಿ ಅದು ದೊಡ್ಡದಾಗಿ ಚಾಚಿಕೊಂಡಿದ್ದರೆ ಆ ಎರಡನ್ನು ಹೋಲಿಸಲು ಬರುವುದಿಲ್ಲ.

ಮೂಳೆ ವೈದ್ಯೆ
ಹಿಪ್ ಬಗ್ಗೆ ಮೇಲಿನ ಮಾತು ಸರಿ. ನನಗೆ ಚಿಂತೆ ಎಲ್3ರದ್ದು. ಪಕ್ಕದ ಮೂಳೆಗಿಂತ ಟಿ-ಸ್ಕೋರ್ 1.0ಕ್ಕೂ ಹೆಚ್ಚು ಬೇರೆ ಇರುವ ಕಶೇರುವನ್ನು (ಬೆನ್ನುಮೂಳೆಯ ಬಿಡಿ ಮೂಳೆ) ಲೆಕ್ಕದಿಂದ ಕೈಬಿಡಬಹುದು (ಕನಿಷ್ಠ ಎರಡಾದರೂ ಉಳಿಯಬೇಕು). ಇಲ್ಲಿ ಎಲ್3 ತೆಗೆದರೆ ಸರಾಸರಿ −2.1ರ ಆಸುಪಾಸಿಗೆ ಬರುತ್ತದೆ. ಹಳೆಯ ಸ್ಕ್ಯಾನಿನಲ್ಲೂ ಎಲ್3 ಬಿಟ್ಟು ಲೆಕ್ಕ ಹಾಕಿಸಿದ ಮೇಲೆಯೇ ಏರಿದೆಯೋ ಇಲ್ಲವೋ ಹೇಳಬಹುದು.

ಎಲ್3 ಏಕೆ ಏರಿತು? ಸವೆತದಿಂದ ಬೆಳೆದ ಮೂಳೆಮುಳ್ಳು ಇರಬಹುದು, ಅಥವಾ ಆ ಮೂಳೆ ಕುಸಿದಿರಬಹುದು. ಕುಸಿದರೆ ಇದ್ದ ಖನಿಜವೇ ಕಡಿಮೆ ಜಾಗದಲ್ಲಿ ಒತ್ತಿಕೊಂಡು, ಅಂಕಿ ಮಾತ್ರ ಚೆನ್ನಾಗಿ ಕಾಣುತ್ತದೆ. ಬೆನ್ನುಮೂಳೆಯ ಅನೇಕ ಕುಸಿತಗಳು ನೋವಿಲ್ಲದೆಯೇ ಆಗುತ್ತವೆ. ಪಕ್ಕದಿಂದ ತೆಗೆದ ಎಕ್ಸ್-ರೇ ಮಾಡಿಸಿ. ಡೆಕ್ಸಾ ಯಂತ್ರದಲ್ಲೇ ಪಕ್ಕದ ಚಿತ್ರ ತೆಗೆಯುವ ಸೌಲಭ್ಯವಿದ್ದರೆ ಅದೂ ಸಾಕು. ಎತ್ತರವನ್ನೂ ಅಳೆಯಿರಿ, ಯೌವನದಲ್ಲಿದ್ದದ್ದಕ್ಕಿಂತ 4 ಸೆಂ.ಮೀ. ತಗ್ಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಬೀಳದೆ, ಪೆಟ್ಟಾಗದೆ ಕುಸಿದಿದ್ದರೆ ಟಿ-ಸ್ಕೋರ್ ಏನೇ ಇರಲಿ, ಅದು ಆಸ್ಟಿಯೋಪೊರೋಸಿಸ್. ಆಗ ಔಷಧ ಬದಲಿಸುವ ಪ್ರಶ್ನೆಯೂ ಬೇರೆಯೇ ಆಗುತ್ತದೆ.

ಫೀಮರ್ ನೆಕ್ (ತೊಡೆಮೂಳೆಯ ಕತ್ತು) ಅಂಕಿ ನೀವು ಬರೆದಿಲ್ಲ. ಬೆನ್ನುಮೂಳೆ, ಟೋಟಲ್ ಹಿಪ್, ಫೀಮರ್ ನೆಕ್ ಮೂರರಲ್ಲಿ ಅತಿ ಕಡಿಮೆ ಇರುವುದರ ಮೇಲೆ ರೋಗನಿರ್ಣಯ, −2.5 ಅಥವಾ ಕೆಳಗಿದ್ದರೆ ಆಸ್ಟಿಯೋಪೀನಿಯಾ ಎನ್ನಲಾಗದು.

ಪ್ರಶ್ನೆ ಕೇಳಿದವರು
ಫೀಮರ್ ನೆಕ್ −2.4. ಎಕ್ಸ್-ರೇಯಲ್ಲಿ ಕುಸಿತ ಇಲ್ಲದಿದ್ದರೆ?

ಮೂಳೆ ವೈದ್ಯೆ
ಆಗ ಹಿಪ್ ಸ್ಥಿರವಾಗಿದೆಯೆಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ, ಅಂಕಿ ಏರಲೇಬೇಕೆಂದಿಲ್ಲ. ಆದರೂ ಸೇವಿಸುವ ಕ್ರಮ ಒಮ್ಮೆ ವಿಚಾರಿಸಿ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಪೂರ್ತಿ ಲೋಟ ಬರೀ ನೀರಿನ ಜೊತೆ, ಆಮೇಲೆ ಕನಿಷ್ಠ 30 ನಿಮಿಷ ಮಲಗಬಾರದು, ಏನೂ ತಿನ್ನಬಾರದು. ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆ ಜೊತೆಗೂಡಿದರೆ ಔಷಧ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್), ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಸ್ಕ್ಯಾನ್ ಕೋಣೆ
ಮುಂದಿನ ಸ್ಕ್ಯಾನ್ ಒಂದೆರಡು ವರ್ಷದ ಮೇಲೆ, ಅದೇ ಯಂತ್ರ, ಅದೇ ಬದಿಯ ಹಿಪ್. ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆ ಬೇಡ. ಬೇರಿಯಂ ಕುಡಿಸಿ ಪರೀಕ್ಷೆ ಮಾಡಿದ್ದರೆ ಎರಡು ವಾರ ಬಿಟ್ಟು ಬನ್ನಿ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಉಳಿದದ್ದು ಬೆನ್ನುಮೂಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಿಮ್ಮಡಿಯ ಅಲ್ಟ್ರಾಸೌಂಡ್‌ನಿಂದ ಔಷಧದ ಪರಿಣಾಮ ಅಳೆಯಲಾಗದು.